ಸತ್ಯವಂತ, ಸುಳ್ಳುಗಾರ ಮತ್ತು ನೇಗಿಲ ಗುಳ: ತರ್ಕದ ಒಗಟುಗಳ ಬೆಳಕಿನಲ್ಲಿ ಕಿತ್ತೂರಿನ ಒಂದು ದಿವ್ಯಶಾಸನ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳನ್ನೊಳಗೊಂಡ ಮಲಪ್ರಭೆಯ ಈ ಸೀಮೆಯನ್ನು ಇತಿಹಾಸಕಾರರು ರಟ್ಟರ ಮತ್ತು ಗೋವೆಯ ಕದಂಬರ ಶಾಸನಗಳಿಗಾಗಿ, 1824ರ ಕಿತ್ತೂರು ಸಮರಕ್ಕಾಗಿ ಅಭ್ಯಸಿಸಿದ್ದಾರೆ. ಜಾನಪದ ವಿದ್ವಾಂಸರು ಲಾವಣಿ, ಗೀಗೀ ಪದ, ಒಡಪುಗಳಿಗಾಗಿ ಅಭ್ಯಸಿಸಿದ್ದಾರೆ. ಈ ಎರಡೂ ಅಧ್ಯಯನಧಾರೆಗಳು ಸಂಧಿಸುವ ಒಂದು ಸಣ್ಣ ವಿಷಯವನ್ನು ಪ್ರಸ್ತುತ ಲೇಖನದಲ್ಲಿ ಎತ್ತಿಕೊಳ್ಳಲಾಗಿದೆ. ಅದು ಸತ್ಯವನ್ನೇ ನುಡಿಯುವವನು ಮತ್ತು ಸುಳ್ಳನ್ನೇ ನುಡಿಯುವವನು ಪಾತ್ರಗಳಾಗಿ ಬರುವ ತರ್ಕದ ಒಗಟುಗಳ ವಿಷಯ. ಗಣಿತ ಮತ್ತು ತರ್ಕಶಾಸ್ತ್ರದ ಪಾಠಗಳಲ್ಲಿ ಇವು ಮನೋರಂಜನೆಯ ಸಾಮಗ್ರಿಯೆಂದು ಪರಿಗಣಿತವಾಗಿವೆ. ಆದರೆ ಸುಮಾರು ಎಂಟುನೂರು ವರ್ಷಗಳ ಹಿಂದೆ ಕಿತ್ತೂರಿನ ಒಂದು ಹೊಲದ ವ್ಯಾಜ್ಯದಲ್ಲಿ ಇದೇ ಒಗಟು ನ್ಯಾಯನಿರ್ಣಯದ ಪ್ರಶ್ನೆಯಾಗಿ ಎದುರಾಗಿತ್ತು. ಅಲ್ಲಿ ಅದನ್ನು ಬಿಡಿಸಿದ್ದು ತರ್ಕವಲ್ಲ, ಕಾಯಿಸಿದ ನೇಗಿಲ ಗುಳ. ಒಗಟನ್ನು ಬಿಡಿಸುವ ಕ್ರಮ ಯಾವುದು, ಆ ಕ್ರಮ ಅಂದಿನ ದಂಡನಾಯಕನಿಗೆ ಏಕೆ ಒದಗಿ ಬರಲಿಲ್ಲ ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೆ ನೋಡಿದರೆ ಎರಡೂ ಹೆಚ್ಚು ಸ್ಪಷ್ಟವಾಗುತ್ತವೆ.

ಒಗಟಿನ ಬಗೆ

ಮೊದಲಿಗೆ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ನಮ್ಮ ಜನಪದರ ಒಗಟು ರೂಪಕದಿಂದ ಕಟ್ಟಿದ್ದು. ವಸ್ತುವನ್ನು ಮರೆಮಾಡಿ ಅದರ ಲಕ್ಷಣವನ್ನು ಮುಂದಿಡುವುದು ಅದರ ರೀತಿ. ಉತ್ತರ ಹೊಳೆಯಬೇಕು, ಅದನ್ನು ಲೆಕ್ಕ ಹಾಕಿ ಪಡೆಯಲಾಗದು. ಉತ್ತರ ಕರ್ನಾಟಕದಲ್ಲಿ ಒಡಪು ಎಂಬ ಮಾತಿಗೆ ಗಂಡನ ಅಥವಾ ಹೆಂಡತಿಯ ಹೆಸರನ್ನು ಪದ್ಯದ ಸೆರಗಿನಲ್ಲಿ ಕಟ್ಟಿ ಹೇಳುವುದು ಎಂಬ ಅರ್ಥವೂ ಉಂಟು. ಅಲ್ಲಿಯೂ ಮುಚ್ಚಿ ತೋರಿಸುವುದೇ ಸೊಗಸು. ಸತ್ಯವಂತ-ಸುಳ್ಳುಗಾರರ ಒಗಟು ಇದಕ್ಕಿಂತ ಭಿನ್ನವಾದ ಜಾತಿಗೆ ಸೇರಿದ್ದು. ಅದರಲ್ಲಿ ಮುಚ್ಚಿಟ್ಟದ್ದೇನೂ ಇಲ್ಲ. ನಿಯಮಗಳೆಲ್ಲ ಮೊದಲೇ ಬಯಲಾಗಿರುತ್ತವೆ. ಆ ನಿಯಮಗಳಿಂದ ಹೆಜ್ಜೆಹೆಜ್ಜೆಯಾಗಿ ಉತ್ತರವನ್ನು ಇಳಿಸಿಕೊಳ್ಳಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಈ ಜಾತಿಯ ಒಗಟುಗಳನ್ನು ಪ್ರಸಿದ್ಧಿಗೆ ತಂದವರು ಅಮೆರಿಕದ ತರ್ಕಶಾಸ್ತ್ರಜ್ಞ ರೇಮಂಡ್ ಸ್ಮಲ್ಯನ್ (1919-2017). ಅವರ ಮೊದಲ ಒಗಟು ಸಂಗ್ರಹ 1978ರಲ್ಲಿ ಪ್ರಕಟವಾಯಿತು. ಅದಕ್ಕೂ ಮುಂಚೆ, 1931ರಲ್ಲಿ, ಮುಂದೆ ತತ್ತ್ವಶಾಸ್ತ್ರಜ್ಞರಾಗಿ ಹೆಸರಾದ ನೆಲ್ಸನ್ ಗುಡ್‌ಮನ್ ಬೋಸ್ಟನ್ನಿನ ಪತ್ರಿಕೆಯೊಂದರಲ್ಲಿ ಇಂಥದೊಂದು ಒಗಟನ್ನು ಪ್ರಕಟಿಸಿದ್ದರು. ಇವೆಲ್ಲಕ್ಕೂ ಬೀಜದಂತಿರುವ ವಿರೋಧಾಭಾಸ, ಅಂದರೆ ತನ್ನ ಮಾತೆಲ್ಲ ಸುಳ್ಳೆಂದು ಒಬ್ಬನು ಹೇಳಿದರೆ ಆ ಮಾತು ಏನಾಗುತ್ತದೆಂಬ ಪ್ರಶ್ನೆ, ಗ್ರೀಕರಲ್ಲಿ ಮಾತ್ರ ಹುಟ್ಟಿದ್ದಲ್ಲ. ವೈಯಾಕರಣ ಭರ್ತೃಹರಿ ‘ವಾಕ್ಯಪದೀಯ’ದ ಮೂರನೆಯ ಕಾಂಡದಲ್ಲಿ ಇದನ್ನು ಎತ್ತಿಕೊಂಡಿದ್ದಾನೆ. ಅಂಥ ಮಾತನ್ನಾಡುವವನು ಆ ಮಾತನ್ನೇ ಅದರ ವ್ಯಾಪ್ತಿಯೊಳಗೆ ಸೇರಿಸಲು ಉದ್ದೇಶಿಸಿರುವುದಿಲ್ಲ ಎಂಬುದು ಅವನ ಪರಿಹಾರದ ದಿಕ್ಕು. ತರ್ಕಕ್ಕಿಂತ ಮಾತನಾಡುವವನ ವಿವಕ್ಷೆಗೆ ಬೆಲೆ ಕೊಡುವ ಈ ಪರಿಹಾರ ನ್ಯಾಯಾಲಯಕ್ಕೆ ಹತ್ತಿರವಾದದ್ದೆಂದು ನನಗೆ ತೋರುತ್ತದೆ. ಆದರೆ ಆ ಚರ್ಚೆ ಇಲ್ಲಿಯದಲ್ಲ.

ಬಿಡಿಸುವ ಕ್ರಮ

ಗುಡ್‌ಮನ್ನರ ಒಗಟಿನಿಂದಲೇ ಆರಂಭಿಸಬಹುದು. ಒಂದು ಊರಿನಲ್ಲಿ ಎರಡೇ ಬಗೆಯ ಜನ. ಒಂದು ಬಗೆಯವರು ಯಾವಾಗಲೂ ಸತ್ಯವನ್ನೇ ಹೇಳುತ್ತಾರೆ, ಇನ್ನೊಂದು ಬಗೆಯವರು ಯಾವಾಗಲೂ ಸುಳ್ಳನ್ನೇ. ಮೂವರು ಎದುರಿಗೆ ನಿಂತಿದ್ದಾರೆ. ಮೊದಲನೆಯವನು ತಾನು ಸತ್ಯವಂತನೆಂದೋ ಸುಳ್ಳುಗಾರನೆಂದೋ ಏನೋ ಒಂದನ್ನು ಹೇಳುತ್ತಾನೆ. ಅದು ನಮಗೆ ಕೇಳಿಸುವುದಿಲ್ಲ. ಎರಡನೆಯವನು, “ಅವನು ತಾನು ಸುಳ್ಳುಗಾರನೆಂದು ಹೇಳಿದ” ಎನ್ನುತ್ತಾನೆ. ಮುಂದುವರಿದು, “ಈ ಮೂರನೆಯವನೂ ಸುಳ್ಳುಗಾರನೇ” ಎನ್ನುತ್ತಾನೆ. ಮೂರನೆಯವನು, “ಮೊದಲನೆಯವನು ಸತ್ಯವಂತ” ಎನ್ನುತ್ತಾನೆ. ಯಾರು ಯಾರು?

ಕೇಳಿಸದ ಮಾತಿನಿಂದ ಏನು ತಿಳಿದೀತು ಎಂದು ಮೇಲುನೋಟಕ್ಕೆ ತೋರಬಹುದು. ಆದರೆ ಬೀಗದ ಕೈ ಇರುವುದು ಅಲ್ಲಿಯೇ. ಈ ಊರಿನಲ್ಲಿ “ನಾನು ಸುಳ್ಳುಗಾರ” ಎಂಬ ಮಾತನ್ನು ಯಾರೂ ಆಡಲಾರರು. ಸತ್ಯವಂತನು ಹಾಗೆ ಹೇಳಿದರೆ ಅದು ಸುಳ್ಳಾಗುತ್ತದೆ. ಸುಳ್ಳುಗಾರನು ಹಾಗೆ ಹೇಳಿದರೆ ಅದು ಸತ್ಯವಾಗಿಬಿಡುತ್ತದೆ. ಆದುದರಿಂದ ಮೊದಲನೆಯವನು ಯಾರೇ ಆಗಿರಲಿ, ಹೇಳಿರಬಹುದಾದದ್ದು ತಾನು ಸತ್ಯವಂತನೆಂದೇ. ಅಲ್ಲಿಗೆ ಎರಡನೆಯವನು ಸುಳ್ಳುಗಾರನೆಂಬುದು ಸಿದ್ಧವಾಯಿತು. ಮೂರನೆಯವನ ಬಗ್ಗೆ ಅವನಾಡಿದ ಮಾತೂ ಸುಳ್ಳಾದುದರಿಂದ ಮೂರನೆಯವನು ಸತ್ಯವಂತ. ಮೂರನೆಯವನ ಮಾತು ಸತ್ಯವಾದುದರಿಂದ ಮೊದಲನೆಯವನೂ ಸತ್ಯವಂತ.

ಈ ಬಗೆಯ ಒಗಟುಗಳನ್ನೆಲ್ಲ ಬಿಡಿಸುವ ಸಾಮಾನ್ಯ ಕ್ರಮ ಇದರಲ್ಲಿ ಅಡಗಿದೆ. ಒಬ್ಬನನ್ನು ಸತ್ಯವಂತನೆಂದು ಊಹಿಸಿ ಅವನ ಮಾತನ್ನು ನಿಜವೆಂದು ಹಿಡಿದು ಮುಂದೆ ಸಾಗಬೇಕು. ವಿರೋಧ ಎದುರಾದರೆ ಊಹೆಯನ್ನು ಕೈಬಿಟ್ಟು, ಅವನ ಮಾತಿನ ವಿಪರ್ಯಯವನ್ನು ನಿಜವೆಂದು ಹಿಡಿಯಬೇಕು. ಇಬ್ಬರಲ್ಲಿ ಒಬ್ಬನು “ನಾವಿಬ್ಬರೂ ಸುಳ್ಳುಗಾರರು” ಎಂದರೆ ಅವನು ಸತ್ಯವಂತನಾಗಿರುವುದು ಸಾಧ್ಯವಿಲ್ಲ. ಅವನು ಸುಳ್ಳುಗಾರನಾದ ಮೇಲೆ ಇಬ್ಬರೂ ಸುಳ್ಳುಗಾರರೆಂಬುದು ಸುಳ್ಳಾಗಬೇಕಾದುದರಿಂದ ಇನ್ನೊಬ್ಬನು ಸತ್ಯವಂತ. “ನಮ್ಮಲ್ಲಿ ಒಬ್ಬನಾದರೂ ಸುಳ್ಳುಗಾರ” ಎಂದರೆ ಫಲ ತಿರುಗುಮುರುಗು: ಆಡಿದವನು ಸತ್ಯವಂತ, ಇನ್ನೊಬ್ಬನು ಸುಳ್ಳುಗಾರ. ಒಂದು ಪದದ ಅಂತರಕ್ಕೆ ಇಬ್ಬರ ಸ್ಥಾನ ಅದಲುಬದಲಾಗುವುದನ್ನು ಗಮನಿಸಬಹುದು.

ಇದಕ್ಕಿಂತ ಪ್ರಸಿದ್ಧವಾದದ್ದು ಕವಲುದಾರಿಯ ಒಗಟು. ಯರಗಟ್ಟಿಯ ಆಚೆ ಒಂದು ಕವಲು ಇದೆ ಎಂದು ಇಟ್ಟುಕೊಳ್ಳೋಣ. ಒಂದು ಹಾದಿ ಸವದತ್ತಿಗೆ, ಇನ್ನೊಂದು ರಾಮದುರ್ಗಕ್ಕೆ. ಎಲ್ಲಮ್ಮನ ಗುಡ್ಡಕ್ಕೆ ಹೊರಟ ಪರಸ್ಥಳದವನೊಬ್ಬ ಅಲ್ಲಿ ನಿಂತಿದ್ದಾನೆ. ಕಟ್ಟೆಯ ಮೇಲೆ ಇಬ್ಬರು ಹಿರಿಯರು ಕುಳಿತಿದ್ದಾರೆ. ಒಬ್ಬರು ಸದಾ ಸತ್ಯ ಹೇಳುವವರು, ಒಬ್ಬರು ಸದಾ ಸುಳ್ಳು ಹೇಳುವವರು. ಯಾರು ಯಾವ ಬಗೆಯವರೆಂಬುದು ಇವನಿಗೆ ತಿಳಿಯದು, ಅವರಿಗೆ ಪರಸ್ಪರ ತಿಳಿದಿದೆ. ಒಬ್ಬರನ್ನು ಒಂದೇ ಪ್ರಶ್ನೆ ಕೇಳಲು ಅವಕಾಶ. “ಈ ಹಾದಿ ಸವದತ್ತಿಗೆ ಹೋಗ್ತೈತೇನ್ರೀ?” ಎಂದು ನೇರವಾಗಿ ಕೇಳಿ “ಹೌದ್ರೀ” ಎಂಬ ಉತ್ತರ ಪಡೆದರೆ ಕೇಳುವ ಮೊದಲು ತಿಳಿದಿದ್ದಕ್ಕಿಂತ ಹೆಚ್ಚೇನೂ ತಿಳಿದಂತಾಗುವುದಿಲ್ಲ.

ಎರಡು ಪ್ರಶ್ನೆಗಳಿಗೆ ಅವಕಾಶವಿದ್ದರೆ ಇದು ಒಗಟೇ ಆಗುತ್ತಿರಲಿಲ್ಲ. ಮೊದಲು, “ಮಲಪ್ರಭೆ ಮೂಡಣಕ್ಕೆ ಹರಿಯುತ್ತಾಳೆಯೇ?” ಎಂದು ಕೇಳಬಹುದಿತ್ತು. ಹೊಳೆ ಪಶ್ಚಿಮ ಘಟ್ಟದ ಕಣಕುಂಬಿಯಲ್ಲಿ ಹುಟ್ಟಿ ಮೂಡಣಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವುದು ಎಲ್ಲರಿಗೂ ಗೊತ್ತು. ಹೌದೆಂದವರು ಸತ್ಯವಂತರು, ಅಲ್ಲವೆಂದವರು ಸುಳ್ಳುಗಾರರು. ಆಮೇಲೆ ಹಾದಿಯನ್ನು ಕೇಳಿ, ಉತ್ತರವನ್ನು ಇದ್ದಂತೆಯೋ ತಿರುಗಿಸಿಯೋ ತೆಗೆದುಕೊಂಡರಾಯಿತು. ಒಂದೇ ಪ್ರಶ್ನೆಯ ನಿರ್ಬಂಧ ಇರುವುದರಿಂದ ಈ ಎರಡು ಪ್ರಶ್ನೆಗಳನ್ನು ಒಂದರೊಳಗೊಂದು ಮಡಿಸಬೇಕಾಗುತ್ತದೆ. ಬಹಳ ಪುಸ್ತಕಗಳು ಉತ್ತರವನ್ನು ಚಮತ್ಕಾರದಂತೆ ಮುಂದಿಟ್ಟು ಬಿಡುತ್ತವೆ. ಅದು ಚಮತ್ಕಾರವಲ್ಲ, ಮಡಿಕೆ.

ಒಂದು ಮಡಿಕೆ ಹೀಗೆ: “ಸವದತ್ತಿಯ ಹಾದಿ ಯಾವುದೆಂದು ಆ ಇನ್ನೊಬ್ಬರನ್ನು ಕೇಳಿದರೆ ಅವರು ಯಾವುದನ್ನು ತೋರಿಸುತ್ತಾರೆ?” ಕೇಳಿದ್ದು ಸತ್ಯವಂತರನ್ನಾದರೆ, ಸುಳ್ಳುಗಾರರು ತೋರಿಸಬಹುದಾದ ತಪ್ಪು ಹಾದಿಯನ್ನು ಅವರು ನಿಷ್ಠೆಯಿಂದ ವರದಿ ಮಾಡುತ್ತಾರೆ. ಕೇಳಿದ್ದು ಸುಳ್ಳುಗಾರರನ್ನಾದರೆ, ಸತ್ಯವಂತರು ತೋರಿಸಬಹುದಾದ ಸರಿಯಾದ ಹಾದಿಯನ್ನು ಅವರು ತಿರುಚಿ ಹೇಳುತ್ತಾರೆ. ಯಾವ ಕಡೆಯಿಂದ ಬಂದರೂ ಮಾತು ಒಂದು ಸತ್ಯ, ಒಂದು ಸುಳ್ಳು ಎಂಬ ಎರಡು ಜರಡಿಗಳನ್ನು ದಾಟಿ ಬರುತ್ತದೆ. ಫಲ ಯಾವಾಗಲೂ ಸುಳ್ಳು. ತೋರಿಸಿದ ಹಾದಿಯನ್ನು ಬಿಟ್ಟು ಮತ್ತೊಂದನ್ನು ಹಿಡಿಯಬೇಕು.

ಕಟ್ಟೆಯ ಮೇಲೆ ಒಬ್ಬರೇ ಇದ್ದು, ಅವರು ಯಾವ ಬಗೆಯವರೆಂದು ತಿಳಿಯದಿದ್ದರೂ ಮಡಿಕೆ ಸಾಧ್ಯ: “ಈ ಹಾದಿ ಸವದತ್ತಿಗೆ ಹೋಗುತ್ತದೆಯೇ ಎಂದು ನಿಮ್ಮನ್ನು ಕೇಳಿದರೆ ನೀವು ಹೌದೆನ್ನುವಿರಾ?” ಸತ್ಯವಂತರ ಉತ್ತರದಲ್ಲಿ ಸಮಸ್ಯೆಯಿಲ್ಲ. ಸುಳ್ಳುಗಾರರ ವಿಷಯವನ್ನು ಬಿಡಿಸಿ ನೋಡಬೇಕು. ಹಾದಿ ನಿಜವಾಗಿ ಸವದತ್ತಿಗೇ ಹೋಗುವುದಾದರೆ, ನೇರವಾಗಿ ಕೇಳಿದಾಗ ಅವರು ಅಲ್ಲವೆನ್ನುತ್ತಿದ್ದರು. ಈಗ ಕೇಳಿದ್ದು ಆ ಉತ್ತರವನ್ನು ಕುರಿತು. ನಿಜ ಹೇಳುವುದಾದರೆ ‘ನಾನು ಹೌದೆನ್ನುವುದಿಲ್ಲ’ ಎನ್ನಬೇಕು. ಅವರು ನಿಜ ಹೇಳುವವರಲ್ಲವಾದುದರಿಂದ ಹೌದೆನ್ನುತ್ತಾರೆ. ಎರಡು ಸಲ ತಿರುಚಿದ ಮಾತು ನೆಟ್ಟಗಾಗಿ ಹೊರಬರುತ್ತದೆ. ಬೀಜಗಣಿತದಲ್ಲಿ ಋಣವನ್ನು ಋಣದಿಂದ ಗುಣಿಸಿದರೆ ಧನವಾಗುವುದು ಇದೇ ನ್ಯಾಯ.

ಇಲ್ಲಿ ಒಂದು ಮುಖ್ಯವಾದ ಅಂಶ ಹೊರಬೀಳುತ್ತದೆ. ಯಾವಾಗಲೂ ಸುಳ್ಳು ಹೇಳುವವನು, ಅವನ ನಿಯಮ ನಮಗೆ ತಿಳಿದ ಮೇಲೆ, ಯಾವಾಗಲೂ ಸತ್ಯ ಹೇಳುವವನಷ್ಟೇ ಉಪಯುಕ್ತನಾದ ಸಾಕ್ಷಿ. ಅವನಿಂದ ನಾವು ಪಡೆಯುವ ತಿಳಿವಳಿಕೆ ಎಳ್ಳಷ್ಟೂ ಕಡಿಮೆಯದಲ್ಲ. ಈ ಸೀಮೆಯ ಹರದೇಶಿ-ನಾಗೇಶಿ ಹಾಡುಗಾರಿಕೆಯನ್ನು ಕೇಳಿದವರಿಗೆ ಇದು ಹೊಸತಾಗಿ ತೋರಲಾರದು. ಹರದೇಶಿ ಮೇಳ ಪುರುಷಪಕ್ಷವನ್ನು, ನಾಗೇಶಿ ಮೇಳ ಸ್ತ್ರೀಪಕ್ಷವನ್ನು ವಹಿಸಿ ಸವಾಲು-ಜವಾಬು ನಡೆಸುತ್ತವೆ. ನಾಗೇಶಿಯವರು ಶಕ್ತಿಯೇ ಹೆಚ್ಚೆಂದರೆ, ಹರದೇಶಿಯವರು ಶಿವನೇ ಹೆಚ್ಚೆಂದರೆ, ಅದು ಹಾಡುವವರ ಸ್ವಂತ ನಂಬಿಕೆಯೆಂದು ಯಾರೂ ಭಾವಿಸುವುದಿಲ್ಲ. ಸುಳ್ಳೆಂದು ದೂರುವುದೂ ಇಲ್ಲ. ಪಕ್ಷದ ನಿಯಮ ಕೇಳುಗರಿಗೆ ಗೊತ್ತಿರುತ್ತದೆ. ಆ ತಿಳಿವಳಿಕೆಯ ಮೇಲೆಯೇ ಅವರು ಯಾರ ಜವಾಬು ಗಟ್ಟಿಯೆಂದು ತೂಗುತ್ತಾರೆ. ತರ್ಕದ ಒಗಟಿನ ಸುಳ್ಳುಗಾರನೂ ಹೀಗೆಯೇ ಪಕ್ಷ ಹಿಡಿದ ಹಾಡುಗಾರನೇ ಹೊರತು ನಾವು ವ್ಯವಹಾರದಲ್ಲಿ ಕಾಣುವ ಮೋಸಗಾರನಲ್ಲ.

ದೇಗಾಂವೆಯ ಎರಡು ಮಾತು

ಈಗ ಶಾಸನದ ಕಡೆಗೆ ಬರಬಹುದು. ಕಿತ್ತೂರಿನ ಈ ಶಿಲಾಶಾಸನವನ್ನು ಜೆ. ಎಫ್. ಫ್ಲೀಟ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿ ಗೋವೆಯ ಕದಂಬರ ಇತರ ಶಾಸನಗಳೊಂದಿಗೆ ಓದಿ ಪ್ರಕಟಿಸಿದರು. ಮೂರನೆಯ ಜಯಕೇಶಿಯ ಆಳಿಕೆಗೆ ಸೇರಿದ ಇದರ ಕಾಲ ಕಲಿವರ್ಷ 4289, ಅಂದರೆ ಕ್ರಿ.ಶ. 1188ರ ಸುಮಾರು. ಕಿತ್ತೂರಿನ ಕಲ್ಲೇಶ್ವರ ದೇವರ ಆಚಾರ್ಯ ಶಿವಶಕ್ತಿ ಮತ್ತು ಮೂಲಸ್ಥಾನ ದೇವರ ಆಚಾರ್ಯ ಕಲ್ಯಾಣಶಕ್ತಿ, ಇವರಿಬ್ಬರ ನಡುವೆ ಒಂದು ಹೊಲದ ಒಡೆತನದ ಬಗ್ಗೆ ವ್ಯಾಜ್ಯ ಹುಟ್ಟಿತು. ಹೊಲ ತನ್ನ ದೇವರದೆಂದು ಅವನು, ತನ್ನ ದೇವರದೆಂದು ಇವನು. ದೇಗಾಂವೆಯ, ಅಂದರೆ ಕಿತ್ತೂರಿನ ಸಮೀಪದ ಇಂದಿನ ದೇಗಾಂವದ, ಮಲ್ಲಿಕಾರ್ಜುನ ದೇವಾಲಯದಲ್ಲಿ ದಂಡನಾಯಕ ಈಶ್ವರನ ಸನ್ನಿಧಿಯಲ್ಲಿ ಇಬ್ಬರೂ ಕೂಡಿದರು. ಫಾಲದಿವ್ಯ ನಡೆಯಿತು. ಮರುದಿನ ಊರಿನ ಪ್ರಮುಖರು ಕೈಯನ್ನು ಪರೀಕ್ಷಿಸಿ ತೀರ್ಪು ಕೊಟ್ಟರು. ಗೆಲುವು ಯಾವ ದೇವಸ್ಥಾನಕ್ಕೆ ಹೋಯಿತೆಂಬುದು ಕಿತ್ತೂರಿನ ದೇವಾಲಯಗಳ ಇತಿಹಾಸಕ್ಕೆ ಸಂಬಂಧಿಸಿದ್ದು. ನಮಗೆ ಇಲ್ಲಿ ಮುಖ್ಯವಾದದ್ದು ವ್ಯಾಜ್ಯದ ಆಕಾರ.

ಫಾಲವೆಂದರೆ ನೇಗಿಲ ಗುಳ. ಅದನ್ನು ಕೆಂಪಗೆ ಕಾಯಿಸಿ ಸತ್ಯವನ್ನು ಪರೀಕ್ಷಿಸುವುದು ಫಾಲದಿವ್ಯ. ಯಾಜ್ಞವಲ್ಕ್ಯ ಸ್ಮೃತಿ ತುಲೆ, ಅಗ್ನಿ, ಜಲ, ವಿಷ, ಕೋಶ ಎಂಬ ಐದು ದಿವ್ಯಗಳನ್ನು ಹೆಸರಿಸುತ್ತದೆ. ಬೃಹಸ್ಪತಿಯ ಎಣಿಕೆಯಲ್ಲಿ ಒಂಬತ್ತಿದ್ದು, ಫಾಲ ಅವುಗಳಲ್ಲೊಂದು. ಅಗ್ನಿದಿವ್ಯದ ವಿಧಿಯನ್ನು ಯಾಜ್ಞವಲ್ಕ್ಯ ವಿವರವಾಗಿಯೇ ಹೇಳಿದ್ದಾನೆ. ಆರೋಪಿಯ ಅಂಗೈಗಳಿಗೆ ಬತ್ತವನ್ನು ಉಜ್ಜಿಸಿ ಮೊದಲೇ ಇರುವ ಗಾಯ-ಕಲೆಗಳನ್ನು ಗುರುತು ಮಾಡಬೇಕು, ಏಳು ಅರಳಿ ಎಲೆಗಳನ್ನು ಕೈಗೆ ಇಟ್ಟು ನೂಲಿನಿಂದ ಸುತ್ತಬೇಕು, ಐವತ್ತು ಪಲ ತೂಕದ ಕಾದ ಕಬ್ಬಿಣದ ಉಂಡೆಯನ್ನು ಹಿಡಿದು ಅವನು ಏಳು ಮಂಡಲಗಳನ್ನು ದಾಟಬೇಕು, ಅನಂತರ ಮತ್ತೆ ಬತ್ತವನ್ನು ಉಜ್ಜಿಸಿ ಸುಟ್ಟಿದೆಯೇ ಎಂದು ನೋಡಬೇಕು. ಮೊದಲಿನ ಗಾಯ ಯಾವುದು, ದಿವ್ಯದಿಂದ ಆದದ್ದು ಯಾವುದು ಎಂದು ಬೇರ್ಪಡಿಸುವ ಈ ಎಚ್ಚರ ಗಮನಾರ್ಹ. ದೇಗಾಂವೆಯ ಪ್ರಮುಖರು ಕೈ ನೋಡಿದ್ದು ಇಂಥ ಪರಂಪರೆಯ ಒಳಗೆ.

ಒಗಟಿನ ಭಾಷೆಯಲ್ಲಿ ಹೇಳುವುದಾದರೆ ವ್ಯಾಜ್ಯದ ಸ್ವರೂಪ ಹೀಗಿದೆ: ಇಬ್ಬರು, ಪರಸ್ಪರ ವಿರುದ್ಧವಾದ ಎರಡು ಮಾತು. ಮೊದಲನೆಯವನು “ಎರಡನೆಯವನು ಸುಳ್ಳುಗಾರ” ಎನ್ನುತ್ತಾನೆ. ಎರಡನೆಯವನು “ಮೊದಲನೆಯವನು ಸುಳ್ಳುಗಾರ” ಎನ್ನುತ್ತಾನೆ. ಹಿಂದೆ ಹೇಳಿದ ಕ್ರಮದಂತೆ ಮೊದಲನೆಯವನನ್ನು ಸತ್ಯವಂತನೆಂದು ಊಹಿಸಿ ಸಾಗಿದರೆ ವಿರೋಧ ಬರುವುದಿಲ್ಲ. ಎರಡನೆಯವನನ್ನು ಊಹಿಸಿ ಸಾಗಿದರೂ ಬರುವುದಿಲ್ಲ. ಇಬ್ಬರಲ್ಲಿ ಒಬ್ಬನೇ ಸತ್ಯವಂತನೆಂಬುದು ಸಿದ್ಧವಾಗುತ್ತದೆ. ಯಾರೆಂಬುದು ಎಂದಿಗೂ ಆಗುವುದಿಲ್ಲ. ಎರಡು ಮಾತುಗಳು ತಕ್ಕಡಿಯ ಎರಡು ತಟ್ಟೆಗಳಂತೆ ಸಮನಾಗಿ ನಿಂತಿವೆ. ಎಷ್ಟೇ ಬುದ್ಧಿವಂತನಾದ ದಂಡನಾಯಕನೂ ಈ ಎರಡು ಮಾತುಗಳನ್ನಷ್ಟೇ ಹಿಂಡಿ ಮೂರನೆಯ ಹನಿಯನ್ನು ತೆಗೆಯಲಾರ. ಸಮತೋಲವನ್ನು ಮುರಿಯಲು ಹೊರಗಿನಿಂದ ಏನಾದರೊಂದು ಬರಬೇಕು.

ಹಾಗಾದರೆ ಈಶ್ವರ ದಂಡನಾಯಕನು ಮಲಪ್ರಭೆಯ ಪ್ರಶ್ನೆಯನ್ನು ಏಕೆ ಕೇಳಲಿಲ್ಲ? ಪ್ರಶ್ನೆ ಬಾಲಿಶವೆನಿಸಬಹುದು, ಉತ್ತರ ಬಾಲಿಶವಲ್ಲ. ಕೇಳಿದ್ದರೆ ಶಿವಶಕ್ತಿಯೂ ಕಲ್ಯಾಣಶಕ್ತಿಯೂ ಹೊಳೆ ಮೂಡಣಕ್ಕೇ ಹರಿಯುತ್ತದೆ ಎನ್ನುತ್ತಿದ್ದರು. ವ್ಯವಹಾರದ ಸುಳ್ಳುಗಾರ ಹೊಳೆಯ ಬಗ್ಗೆ ಸುಳ್ಳು ಹೇಳುವುದಿಲ್ಲ, ಹೊಲದ ಬಗ್ಗೆ ಮಾತ್ರ ಹೇಳುತ್ತಾನೆ. ತೊಂಬತ್ತೊಂಬತ್ತು ಮಾತುಗಳಲ್ಲಿ ಸತ್ಯವಂತನಾಗಿದ್ದು ನೂರನೆಯದರಲ್ಲಿ ತಪ್ಪುವವನ ಸುಳ್ಳು ಕೆಲಸ ಮಾಡುವುದೇ ಆ ತೊಂಬತ್ತೊಂಬತ್ತರ ಬಲದಿಂದ. ಒಗಟು ‘ಯಾವಾಗಲೂ’ ಎಂಬ ಒಂದು ಪದವನ್ನು ನಮಗೆ ಉಚಿತವಾಗಿ ಕೊಡುತ್ತದೆ. ನ್ಯಾಯಸ್ಥಾನಕ್ಕೆ ಆ ಪದ ಯಾವ ಬೆಲೆಗೂ ಸಿಗುವುದಿಲ್ಲ.

ಧರ್ಮಶಾಸ್ತ್ರಕಾರರು ಇದನ್ನು ಚೆನ್ನಾಗಿ ಅರಿತಿದ್ದರೆಂದು ಹೇಳಲು ಆಧಾರಗಳಿವೆ. ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನ ‘ಮಿತಾಕ್ಷರಾ’ ವ್ಯಾಖ್ಯಾನಿಸುವ ಯಾಜ್ಞವಲ್ಕ್ಯನ ವ್ಯವಹಾರಾಧ್ಯಾಯದಲ್ಲಿ ಪ್ರಮಾಣಗಳ ಅನುಕ್ರಮ ಸ್ಪಷ್ಟವಾಗಿದೆ. ಲಿಖಿತ, ಭುಕ್ತಿ ಅಂದರೆ ಅನುಭೋಗ, ಸಾಕ್ಷಿ, ಇವು ಮಾನುಷ ಪ್ರಮಾಣಗಳು. ಇವುಗಳಲ್ಲಿ ಯಾವುದೂ ದೊರೆಯದಿದ್ದಾಗ ಮಾತ್ರ ದಿವ್ಯ. ದಿವ್ಯವೆಂದರೆ ಹಿಂದಿನವರ ಮೊದಲ ಆಯ್ಕೆಯೆಂದು ಬಗೆಯುವುದು ಇಂದಿಗೂ ಕೆಲವು ಬರಹಗಳಲ್ಲಿ ಕಂಡುಬರುವ ತಪ್ಪು ಗ್ರಹಿಕೆ. ಅದು ಮಾತುಗಳು ಸಮನಾಗಿ ನಿಂತಾಗಿನ ಕೊನೆಯ ಆಯ್ಕೆ. ಸಾಕ್ಷಿಗಳು ಪರಸ್ಪರ ವಿರೋಧಿಸಿದರೆ ಬಹುಸಂಖ್ಯೆಯವರ ಮಾತನ್ನು, ಸಂಖ್ಯೆ ಸಮವಾದರೆ ಗುಣವಂತರ ಮಾತನ್ನು ಹಿಡಿಯಬೇಕೆಂದೂ ಯಾಜ್ಞವಲ್ಕ್ಯ ಹೇಳುತ್ತಾನೆ. ಒಂದೆಡೆ ನಿಲ್ಲದೆ ಅತ್ತಿತ್ತ ಸರಿಯುವವನು, ಕಟವಾಯಿಯನ್ನು ನೆಕ್ಕುವವನು, ಹಣೆ ಬೆವರುವವನು, ಮುಖದ ಬಣ್ಣ ಬದಲಾಗುವವನು ದುಷ್ಟಸಾಕ್ಷಿಯೆಂಬ ಲಕ್ಷಣಗಳ ಪಟ್ಟಿಯೂ ಅಲ್ಲಿದೆ. ಬೆವರಿನ ಸಾಕ್ಷ್ಯದಲ್ಲಿ ನನಗೆ ಹೆಚ್ಚು ವಿಶ್ವಾಸವಿಲ್ಲ. ಕಾದ ಗುಳದ ಮುಂದೆ ಸತ್ಯವಂತನ ಹಣೆಯೂ ಬೆವರುತ್ತದೆ.

ಬಹುಮತದ ನಿಯಮವನ್ನು ಒಗಟಿನ ಮೂಲಕ ಪರೀಕ್ಷಿಸಬಹುದು. ಮೂವರು ಸಾಕ್ಷಿಗಳಲ್ಲಿ ಹೆಚ್ಚೆಂದರೆ ಒಬ್ಬನೇ ಸುಳ್ಳುಗಾರನೆಂದು ಮೊದಲೇ ತಿಳಿದಿದ್ದರೆ, ಮೂವರನ್ನೂ ಒಂದೇ ಪ್ರಶ್ನೆ ಕೇಳಿ ಇಬ್ಬರು ಹೇಳಿದ್ದನ್ನು ಹಿಡಿದರೆ ಎಂದೂ ತಪ್ಪಾಗದು. ಆ ಪೂರ್ವಜ್ಞಾನವಿಲ್ಲದಿದ್ದರೆ ಬಹುಮತಕ್ಕೆ ತಾರ್ಕಿಕ ಬೆಲೆಯೇ ಇಲ್ಲ. ಒಬ್ಬ ಶ್ರೀಮಂತನು ಮೂವರಲ್ಲಿ ಇಬ್ಬರನ್ನು ಕೊಂಡುಕೊಂಡರೆ ಸಾಕು. 1872ರ ಭಾರತೀಯ ಸಾಕ್ಷ್ಯ ಅಧಿನಿಯಮ ಯಾವ ಸಂಗತಿಯ ರುಜುವಾತಿಗೂ ಇಂತಿಷ್ಟೇ ಸಾಕ್ಷಿಗಳು ಬೇಕೆಂಬ ನಿರ್ಬಂಧವಿಲ್ಲವೆಂದು 134ನೆಯ ಕಲಮಿನಲ್ಲಿ ಹೇಳಿದ್ದು ಈ ದೃಷ್ಟಿಯಿಂದ ಅರ್ಥಪೂರ್ಣ. ಅದೇ ಅಧಿನಿಯಮ ಪಾಟೀಸವಾಲಿನಲ್ಲಿ ಸಾಕ್ಷಿಯ ಸತ್ಯಸಂಧತೆಯನ್ನು ಪರೀಕ್ಷಿಸುವ ಪ್ರಶ್ನೆಗಳಿಗೆ ಅವಕಾಶ ಕೊಟ್ಟಿತು. ಅದರ ಸ್ಥಾನಕ್ಕೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಬಂದಿದೆ. ಪಾಟೀಸವಾಲಿನ ವಕೀಲರು ಮಾಡುವುದು ಮಲಪ್ರಭೆಯ ಪ್ರಶ್ನೆಯನ್ನೇ, ಆದರೆ ಬಹು ಸೂಕ್ಷ್ಮವಾಗಿ: ತಮಗೆ ಮೊದಲೇ ಉತ್ತರ ಗೊತ್ತಿರುವ, ಸಾಕ್ಷಿಗೆ ಮಾತ್ರ ಅದು ಹೊಲಕ್ಕೆ ಸಂಬಂಧಿಸಿದ್ದೆಂದು ತೋರುವ ಪ್ರಶ್ನೆಯನ್ನು ಅವರು ಹುಡುಕುತ್ತಾರೆ.

ದಿವ್ಯವನ್ನು ಕೂಡ ಒಂದು ಮಡಿಸಿದ ಪ್ರಶ್ನೆಯೆಂದು ಓದುವ ಪ್ರಯತ್ನ ಇತ್ತೀಚೆಗೆ ನಡೆದಿದೆ. ಮಧ್ಯಯುಗದ ಯುರೋಪಿನ ದಿವ್ಯಗಳನ್ನು ಕುರಿತು ಅರ್ಥಶಾಸ್ತ್ರಜ್ಞ ಪೀಟರ್ ಲೀಸನ್ 2012ರ ತಮ್ಮ ಲೇಖನದಲ್ಲಿ ಮಂಡಿಸಿದ ವಾದದ ಸಾರ ಇದು: ದೈವವು ತಪ್ಪಿತಸ್ಥನನ್ನು ಸುಡುತ್ತದೆಂದು ಎಲ್ಲರೂ ನಂಬಿರುವ ಸಮಾಜದಲ್ಲಿ ತಪ್ಪಿತಸ್ಥನು ದಿವ್ಯಕ್ಕೆ ಒಪ್ಪುವುದಿಲ್ಲ, ನಿರಪರಾಧಿ ಒಪ್ಪುತ್ತಾನೆ, ಆದುದರಿಂದ ಕಬ್ಬಿಣ ಕಾಯುವ ಮೊದಲೇ ತೀರ್ಪು ಅರ್ಧ ಸಿದ್ಧವಾಗಿರುತ್ತದೆ. “ದೇವರನ್ನು ಕೇಳಿದರೆ ಅವನು ಏನು ಹೇಳುತ್ತಾನೆ?” ಎಂಬುದೇ ಇಲ್ಲಿ ವಾದಿಯ ಮುಂದಿಡುವ ಪ್ರಶ್ನೆ. ಕವಲುದಾರಿಯಲ್ಲಿ ‘ಇನ್ನೊಬ್ಬರನ್ನು ಕೇಳಿದರೆ’ ಎಂದದ್ದರ ಸ್ಥಾನದಲ್ಲಿ ದೇವರು ಬಂದಿದ್ದಾನೆ, ಅಷ್ಟೇ. ವಾದ ಆಕರ್ಷಕವಾಗಿದೆ. ಆದರೆ ದೇಗಾಂವೆಯಲ್ಲಿ ವ್ಯಾಜ್ಯ ಕೊನೆಯ ಹಂತದವರೆಗೂ ಹೋಯಿತು; ಹಿಂದೆಗೆಯುವುದರಿಂದ ಅದು ಮುಗಿಯಲಿಲ್ಲ. ಇದಕ್ಕೆ ಕಾರಣವನ್ನು ಯೋಚಿಸಬೇಕಾಗುತ್ತದೆ.

ತಪ್ಪು ತಿಳಿದವನು

ಶಿವಶಕ್ತಿ, ಕಲ್ಯಾಣಶಕ್ತಿ ಇಬ್ಬರೂ ಸುಳ್ಳುಗಾರರಾಗಿರದಿದ್ದರೆ? ಹೊಲ ತನ್ನ ದೇವರದೆಂದು ಒಬ್ಬನಿಗೆ ಅವನ ಗುರು ಹೇಳಿರಬಹುದು, ಇನ್ನೊಬ್ಬನಿಗೆ ಅವನ ಗುರು. ದತ್ತಿ ಕೊಟ್ಟವನು ಸತ್ತು ಎರಡು ತಲೆಮಾರಾದ ಮೇಲೆ, ಬದುವು ಸರಿದ ಮೇಲೆ, ಇಬ್ಬರೂ ತಾವು ನಂಬಿದ್ದನ್ನೇ ನುಡಿಯುವುದು ಸಹಜ. ಒಬ್ಬನ ಮಾತು ಸುಳ್ಳೇ, ಆದರೆ ಆಡಿದವನು ಸುಳ್ಳುಗಾರನಲ್ಲ. ತರ್ಕದ ಒಗಟಿನಲ್ಲಿ ಈ ಮನುಷ್ಯನಿಗೆ ಸ್ಥಳವಿಲ್ಲ. ಸ್ಮಲ್ಯನ್ ಈ ಕೊರತೆಯನ್ನು ಕಂಡು, ತಮ್ಮ ಒಗಟುಗಳ ಒಂದು ಗುಂಪಿನಲ್ಲಿ ಬುದ್ಧಿ ಸ್ಥಿಮಿತವಿರುವವರು ಮತ್ತು ಇಲ್ಲದವರು ಎಂಬ ಇನ್ನೊಂದು ವಿಭಾಗವನ್ನು ಸೇರಿಸಿದರು. ಸ್ಥಿಮಿತವಿಲ್ಲದವನಿಗೆ ನಿಜವೆಲ್ಲ ಸುಳ್ಳಾಗಿ, ಸುಳ್ಳೆಲ್ಲ ನಿಜವಾಗಿ ತೋರುತ್ತದೆ. ಆಗ ನಾಲ್ಕು ಬಗೆಯಾಗುತ್ತವೆ. ಸರಿ ತಿಳಿದ ಪ್ರಾಮಾಣಿಕ ಸತ್ಯ ನುಡಿಯುತ್ತಾನೆ. ತಪ್ಪು ತಿಳಿದ ಪ್ರಾಮಾಣಿಕ ಸುಳ್ಳು ನುಡಿಯುತ್ತಾನೆ. ಸರಿ ತಿಳಿದ ಸುಳ್ಳುಗಾರ ಸುಳ್ಳು ನುಡಿಯುತ್ತಾನೆ. ತಪ್ಪು ತಿಳಿದ ಸುಳ್ಳುಗಾರ, ಎರಡು ಸಲ ತಿರುಚಿದುದರಿಂದ, ತನಗೇ ಅರಿವಿಲ್ಲದೆ ಸತ್ಯ ನುಡಿದುಬಿಡುತ್ತಾನೆ. ಎರಡನೆಯವನ ಮತ್ತು ಮೂರನೆಯವನ ಮಾತು ಕೇಳುವವನಿಗೆ ಒಂದೇ. ಆದರೆ ದಿವ್ಯಕ್ಕೆ ಕೈಯೊಡ್ಡುವ ಧೈರ್ಯ ಎರಡನೆಯವನಿಗೆ ಉಂಟು, ಮೂರನೆಯವನಿಗೆ ಇಲ್ಲ. ಲೀಸನ್ನರ ವಾದ ಸುಳ್ಳುಗಾರನನ್ನು ಹಿಂದೆ ಸರಿಸಬಲ್ಲುದೇ ಹೊರತು ತಪ್ಪು ತಿಳಿದವನನ್ನಲ್ಲ. ಹೊಲ ಯಾರದೆಂಬುದನ್ನು ಅದು ತೀರ್ಮಾನಿಸಲಾರದು; ಯಾರು ಮನಃಪೂರ್ವಕವಾಗಿ ನಂಬಿದ್ದಾರೆಂಬುದನ್ನು ಮಾತ್ರ ತೋರಿಸೀತು.

ಈ ಸಂದರ್ಭದಲ್ಲಿ ಸವದತ್ತಿಯನ್ನು ನೆನೆಯದಿರಲಾಗದು. ಸುಗಂಧವರ್ತಿ ಎಂದು ಶಾಸನಗಳು ಕರೆಯುವ ಈ ಊರು ರಟ್ಟರ ರಾಜಧಾನಿಯಾಗಿತ್ತು; ಕ್ರಿ.ಶ. 980ರ ಶಾಂತಿವರ್ಮನ ಶಾಸನ ಇಲ್ಲಿಯ ಬಸದಿಗೆ ಕೊಟ್ಟ ದತ್ತಿಯನ್ನು ದಾಖಲಿಸುತ್ತದೆ. ಜೈನ ಆಚಾರ್ಯರ ಸ್ಯಾದ್ವಾದವು ಒಂದು ಮಾತು ಒಂದು ದೃಷ್ಟಿಯಿಂದ ಸತ್ಯವೂ ಇನ್ನೊಂದು ದೃಷ್ಟಿಯಿಂದ ಅಸತ್ಯವೂ ಆಗಬಹುದೆಂದು, ಏಳು ಭಂಗಿಗಳಲ್ಲಿ ವಿಂಗಡಿಸಿ ಹೇಳುತ್ತದೆ. ಎರಡೇ ಬಗೆಯ ಜನರ ಊರನ್ನು ಅದು ಒಪ್ಪಲಾರದು. ಉಳುವ ಹಕ್ಕಿನ ದೃಷ್ಟಿಯಿಂದ ಹೊಲ ಒಬ್ಬನದು, ತೆರಿಗೆಯ ಪಾಲಿನ ದೃಷ್ಟಿಯಿಂದ ಇನ್ನೊಬ್ಬನದು ಎಂಬ ಪರಿಸ್ಥಿತಿ ಮಧ್ಯಕಾಲೀನ ದತ್ತಿಗಳಲ್ಲಿ ಅಪರೂಪವೇನಲ್ಲ. ಆದರೂ ಫಾಲದಿವ್ಯಕ್ಕೆ ಏಳು ಭಂಗಿಗಳಿಲ್ಲ. ಕೈ ಸುಟ್ಟಿದೆ, ಅಥವಾ ಸುಟ್ಟಿಲ್ಲ.

ಶಿಲೆಯನ್ನು ಕೇಳುವ ಪ್ರಶ್ನೆ

ತರ್ಕಶಾಸ್ತ್ರಜ್ಞ ಜಾರ್ಜ್ ಬೂಲೋಸ್ 1996ರಲ್ಲಿ ಪ್ರಕಟಿಸಿದ ಒಗಟಿನಲ್ಲಿ ಮೂವರು ದೇವತೆಗಳಿದ್ದಾರೆ. ಒಬ್ಬ ಸದಾ ಸತ್ಯ ಹೇಳುವವನು, ಒಬ್ಬ ಸದಾ ಸುಳ್ಳು ಹೇಳುವವನು, ಮೂರನೆಯವನು ಮನಬಂದಂತೆ ಒಮ್ಮೆ ಸತ್ಯ ಒಮ್ಮೆ ಸುಳ್ಳು ಹೇಳುವವನು. ಮೂರು ಪ್ರಶ್ನೆಗಳಲ್ಲಿ ಮೂವರನ್ನೂ ಗುರುತಿಸಬೇಕು. ಅದರ ಪೂರ್ಣ ಪರಿಹಾರ ಇಲ್ಲಿ ಬೇಕಿಲ್ಲ. ಆದರೆ ಅದರ ಮೊದಲ ಪ್ರಶ್ನೆಯ ಉದ್ದೇಶ ಗಮನಿಸತಕ್ಕದ್ದು. ಸತ್ಯವಂತ ಯಾರೆಂದು ತಿಳಿಯುವುದು ಅದರ ಗುರಿಯಲ್ಲ. ಮನಬಂದಂತೆ ನುಡಿಯದ ಒಬ್ಬನನ್ನು, ಅವನು ಸುಳ್ಳುಗಾರನೇ ಆಗಿದ್ದರೂ ಸರಿ, ಕಂಡುಹಿಡಿಯುವುದು ಅದರ ಗುರಿ. ನಿಯಮವಿರುವವನು ಸಿಕ್ಕ ಮೇಲೆ ಉಳಿದದ್ದು ಮಡಿಕೆಯ ಕೆಲಸ.

ಶಾಸನಗಳನ್ನು ಓದುವ ನಾವು ದಂಡನಾಯಕ ಈಶ್ವರನ ಸ್ಥಾನದಲ್ಲಿಯೇ ಇದ್ದೇವೆ. ಶಿಲೆಯೂ ಒಂದು ಸಾಕ್ಷಿ. ಸಾಮಾನ್ಯವಾಗಿ ಶಾಸನವನ್ನು ಬರೆಸಿ ನಿಲ್ಲಿಸುವವರು ವ್ಯಾಜ್ಯ ಗೆದ್ದವರು, ದತ್ತಿ ಪಡೆದವರು. ಸೋತವನ ಶಿಲೆ ನಮಗೆ ಸಿಗುವುದು ತೀರ ವಿರಳ. ಕಿತ್ತೂರಿನ ಶಾಸನ ಇಬ್ಬರ ವಾದವನ್ನೂ ಹೆಸರಿಸಿ ಹೇಳುತ್ತದೆಂಬುದು ಅದರ ವೈಶಿಷ್ಟ್ಯ. ಆದರೂ ಅದು ಹೇಳುವುದು ಒಂದೇ ದನಿಯಲ್ಲಿ. ಅದನ್ನು ಪಾಟೀಸವಾಲಿಗೆ ಗುರಿಪಡಿಸುವುದು ಹೇಗೆ?

ಹತ್ತೊಂಬತ್ತನೆಯ ಶತಮಾನದ ಶಾಸನತಜ್ಞರು ಒಂದು ದಾರಿಯನ್ನು ಕಂಡುಕೊಂಡರು. ಶಾಸನದ ತಿಥಿ, ವಾರ, ಸಂಕ್ರಮಣ, ಗ್ರಹಣಗಳನ್ನು ಗಣಿತದಿಂದ ಪರೀಕ್ಷಿಸುವುದೇ ಆ ದಾರಿ. 1896ರಲ್ಲಿ ರಾಬರ್ಟ್ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತ್ ಪ್ರಕಟಿಸಿದ ಪಂಚಾಂಗ ಗ್ರಂಥ, 1922ರಲ್ಲಿ ಸ್ವಾಮಿಕಣ್ಣು ಪಿಳ್ಳೈ ಅವರ ಕೋಷ್ಟಕಗಳು ಈ ಕೆಲಸವನ್ನು ಎಲ್ಲ ಸಂಶೋಧಕರ ಕೈಗೆ ಎಟುಕುವಂತೆ ಮಾಡಿದವು. ಶಾಸನ ಹೇಳುವ ತಿಥಿಯಂದು ಶಾಸನ ಹೇಳುವ ವಾರವೇ ಇತ್ತೇ? ಇದು ಶಿಲೆಯನ್ನು ಕೇಳುವ ಮಲಪ್ರಭೆಯ ಪ್ರಶ್ನೆ. ಉತ್ತರ ನಮಗೆ ಬೇರೆ ಕಡೆಯಿಂದ ಗೊತ್ತಿದೆ; ಸಾಕ್ಷಿ ಏನು ಹೇಳುತ್ತಾನೆಂದು ನೋಡುತ್ತೇವೆ. ಹಲವು ತಾಮ್ರಪಟಗಳನ್ನು ಫ್ಲೀಟ್ ಮೊದಲಾದವರು ಕೂಟಶಾಸನಗಳೆಂದು ನಿರ್ಣಯಿಸಿದಾಗ, ಲಿಪಿಯ ಲಕ್ಷಣದೊಂದಿಗೆ ಕಾಲನಿರ್ದೇಶದ ಅಸಾಂಗತ್ಯವೂ ಅವರ ಆಧಾರಗಳಲ್ಲಿ ಒಂದಾಗಿತ್ತು.

ಆದರೆ ಈ ಪರೀಕ್ಷೆಯ ಮಿತಿಯೂ ಮೇಲಿನ ಚರ್ಚೆಯಿಂದಲೇ ತಿಳಿಯುತ್ತದೆ. ನಿಪುಣನಾದ ಕೂಟಶಾಸನಕಾರ ಹಳೆಯ ಪಂಚಾಂಗವನ್ನು ನೋಡಿ ವಾರವನ್ನು ಸರಿಯಾಗಿಯೇ ಬರೆಯಬಲ್ಲ. ಅವನ ಸುಳ್ಳು ಹೊಲದ ಎಲ್ಲೆಯಲ್ಲಿ ಮಾತ್ರ ಇರುತ್ತದೆ. ಇನ್ನೊಂದೆಡೆ ದತ್ತಿ ಕೊಟ್ಟು ಎಷ್ಟೋ ದಿನಗಳ ಮೇಲೆ ನೆನಪಿನಿಂದ ಬರೆಸಿದ ಪ್ರಾಮಾಣಿಕ ಶಾಸನದಲ್ಲಿ ವಾರ ತಪ್ಪಿರಬಹುದು. ವಾರ ತಪ್ಪಿದ ಶಾಸನವನ್ನೆಲ್ಲ ಕೂಟವೆಂದು ತಳ್ಳುವುದು ಎರಡನೆಯ ಬಗೆಯವನನ್ನು ಮೂರನೆಯವನೆಂದು ದಂಡಿಸಿದಂತೆ. ವಾರ ಸರಿಯಿದ್ದ ಶಾಸನವನ್ನೆಲ್ಲ ಒಪ್ಪುವುದು ಹೊಳೆಯ ಬಗ್ಗೆ ಸತ್ಯ ಹೇಳಿದವನಿಗೆ ಹೊಲವನ್ನೂ ಬರೆದುಕೊಟ್ಟಂತೆ. ಆದುದರಿಂದ ಬೈಲಹೊಂಗಲ, ಸವದತ್ತಿ ಪರಿಸರದ ದತ್ತಿಶಾಸನಗಳ ಎಲ್ಲೆಗಳನ್ನು ಅಭ್ಯಸಿಸುವವರು ತಿಥಿಯ ಗಣಿತಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಶಾಸನ ಹೇಳುವ ಹಳ್ಳ, ಕೆರೆ, ನಟ್ಟ ಕಲ್ಲು, ನೆರೆಯ ಹೊಲದ ಹೆಸರುಗಳನ್ನು ಇಂದಿನ ನೆಲದ ಮೇಲೆ ಮತ್ತು ನೆರೆಯ ಊರುಗಳ ಶಾಸನಗಳಲ್ಲಿ ಹುಡುಕಬೇಕಾಗುತ್ತದೆ. ಪಕ್ಕದ ಹೊಲದ ದತ್ತಿಯನ್ನು ಬೇರೊಂದು ಕಾಲದಲ್ಲಿ ಬೇರೊಬ್ಬನು ಬರೆಸಿರುತ್ತಾನೆ. ಅವನಿಗೆ ಈ ವ್ಯಾಜ್ಯದಲ್ಲಿ ಪಕ್ಷವಿರುವುದಿಲ್ಲ; ತನ್ನ ಮೂಡಣ ಎಲ್ಲೆ ಯಾವ ದೇವರ ಹೊಲವೆಂದು ಅವನು ಸುಮ್ಮನೆ ಹೇಳಿಬಿಟ್ಟಿರುತ್ತಾನೆ.